ನಾಲ್ಕು ರಾತ್ರಿ ಮಲಗಿ, ಆಮೇಲೆ ಹತ್ತಿ

ಕೇಳುಗರಿಗೆಲ್ಲ ನಮಸ್ಕಾರ.

ಮಾಚು ಪಿಚುಗೆ ನಡೆದು ಹೋಗುವವರು ಹೇಗೆ ತಯಾರಾಗಬೇಕು, ಹೇಳಿ ಅಂತ ನನ್ನನ್ನು ಇಲ್ಲಿ ಕೂರಿಸಿದ್ದಾರೆ. ನಾನು ದೊಡ್ಡ ಪರ್ವತಾರೋಹಿ ಏನಲ್ಲ. ಮೆಡಿಕಲ್ ಕಾಲೇಜಿನಲ್ಲಿ ಮೂವತ್ತು ವರ್ಷ ಉಸಿರಾಟದ ಪಾಠ ಮಾಡಿದ ಮೇಷ್ಟ್ರು. ನಿವೃತ್ತಿಯಾದ ಮೇಲೆ ನಡೆಯುವ ಹುಚ್ಚು ಹಿಡಿಯಿತು. ಹಿಮಾಲಯಕ್ಕೆ ಮೂರು ಸಲ, ಪೆರುವಿಗೆ ಒಂದು ಸಲ ಹೋಗಿ ಬಂದಿದ್ದೇನೆ. ಅದು ಗೊತ್ತಾದ ಮೇಲೆ ಮದುವೆಮನೆ, ಗೃಹಪ್ರವೇಶ, ಎಲ್ಲಿ ಸಿಕ್ಕರೂ ಜನ ಕೇಳುವುದು ಒಂದೇ ಪ್ರಶ್ನೆ. "ಸರ್, ಯಾವ ಶೂ ತಗೊಳ್ಳಲಿ?"

ಶೂ ವಿಚಾರ ಕೊನೆಗೆ ಹೇಳುತ್ತೇನೆ. ಮೊದಲು ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟುಬಿಡುತ್ತೇನೆ. ಎತ್ತರದ ಜಾಗದಲ್ಲಿ ನಾಲ್ಕು ರಾತ್ರಿ ಮಲಗಿ, ಆಮೇಲೆ ಹತ್ತಿ. ಇಷ್ಟು ಬರೆದುಕೊಂಡು ರೇಡಿಯೋ ಆರಿಸಿದರೂ ನನಗೆ ಬೇಜಾರಿಲ್ಲ.

ಆರಿಸದೆ ಕೂತವರಿಗೆ ಉಳಿದದ್ದು. ಮಾಚು ಪಿಚು ಇರುವುದು ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಆಂಡಿಸ್ ಬೆಟ್ಟಸಾಲಿನಲ್ಲಿ. 15ನೇ ಶತಮಾನದಲ್ಲಿ, ಅಂದರೆ ನಮ್ಮಲ್ಲಿ ಹಂಪಿ ಮೆರೆಯುತ್ತಿದ್ದ ಕಾಲದಲ್ಲಿ, ಇಂಕಾ ದೊರೆ ಪಚಕುತಿ ಕಟ್ಟಿಸಿದ ಊರು ಅದು. ಗಾರೆಯ ಹಂಗಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ್ದಾರೆ. 1911ರಲ್ಲಿ ಹೈರಮ್ ಬಿಂಗಮ್ ಎಂಬ ಅಮೆರಿಕದ ಮೇಷ್ಟ್ರು ಅದನ್ನು ಹೊರಜಗತ್ತಿಗೆ ತೋರಿಸಿದರು. ಅವರು ಹೋದಾಗಲೂ ಅಲ್ಲಿ ರೈತರು ಮನೆ ಮಾಡಿಕೊಂಡು ಬೆಳೆ ಬೆಳೆಯುತ್ತಿದ್ದರು, ಅದು ಬೇರೆ ಮಾತು.

ಅಲ್ಲಿಗೆ ಸುಮ್ನೆ ರೈಲಿನಲ್ಲಿ ಹೋಗಬಹುದು. ನಡೆದು ಹೋಗುವವರಿಗೆ ಇಂಕಾ ಜನರೇ ಹಾಕಿದ ಕಲ್ಲುದಾರಿ ಇದೆ. ರೈಲು ಹಳಿಯ 82ನೇ ಕಿಲೋಮೀಟರಿನಿಂದ ಹೊರಟು ನಾಲ್ಕು ದಿನ, ನಲವತ್ತಕ್ಕೂ ಹೆಚ್ಚು ಕಿಲೋಮೀಟರ್. ದಾರಿಯುದ್ದಕ್ಕೂ ಹಳೆಯ ಊರುಗಳ ಅವಶೇಷಗಳು: ಪಾತಾಲ್ಯಾಕ್ತಾ, ರುಂಕುರಾಕಾಯ್, ಸಾಯಕ್‌ಮಾರ್ಕಾ, ವಿನ್ಯಾಯ್ ವಾಯ್ನಾ. ಒಂದೊಂದರ ಮೇಲೂ ಒಂದೊಂದು ಭಾಷಣ ಮಾಡಬಹುದು. ಇವತ್ತು ಬೇಡ.

ಇವತ್ತು ಎತ್ತರದ ಮಾತು. ಮಾಚು ಪಿಚು ಇರುವ ಎತ್ತರ 2430 ಮೀಟರ್. ಇದನ್ನು ನೋಡಿ ಜನ, ಅಯ್ಯೋ ಇಷ್ಟೇನಾ ಅಂದುಕೊಳ್ಳುತ್ತಾರೆ. ಮೋಸ ಹೋಗುವುದು ಇಲ್ಲೇ. ವಿಮಾನ ಇಳಿಸುವುದು ಕುಸ್ಕೋ ಊರಿನಲ್ಲಿ. ಅದು 3400 ಮೀಟರ್. ನಡಿಗೆಯ ಎರಡನೇ ದಿನ ಒಂದು ಕಣಿವೆ, ಅಂದರೆ ಬೆಟ್ಟಸಾಲಿನ ಮೇಲೆ ಆಚೆ ಬದಿಗೆ ಹೋಗುವ ಸಂದು, ದಾಟಬೇಕು. ಕೆಚುವಾ ಭಾಷೆಯಲ್ಲಿ ಅದರ ಹೆಸರು ವಾರ್ಮಿವಾನ್ಯುಸ್ಕಾ, ಅಂದರೆ ಸತ್ತ ಹೆಂಗಸು. ಗಾಬರಿ ಬೇಡ, ದೂರದಿಂದ ನೋಡಿದರೆ ಬೆಟ್ಟ ಮಲಗಿದ ಹೆಂಗಸಿನ ಹಾಗೆ ಕಾಣುತ್ತದೆ, ಅದಕ್ಕೆ ಆ ಹೆಸರು. ಅದರ ಎತ್ತರ 4215 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, 1930 ಮೀಟರ್. ಅದರ ತಲೆಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಆ ಸತ್ತ ಹೆಂಗಸಿನ ಎತ್ತರ ಮುಟ್ಟುವುದಿಲ್ಲ. ಆದ್ದರಿಂದ "ನಾನು ಕುಮಾರ ಪರ್ವತ ಹತ್ತಿದ್ದೇನೆ ಸರ್" ಅಂತ ಯಾರಾದರೂ ಹೇಳಿದರೆ, ಸಂತೋಷ, ನಿಮ್ಮ ಕಾಲು ಚೆನ್ನಾಗಿದೆ ಅನ್ನುತ್ತೇನೆ. ಉಸಿರಿಗೂ ಕುಮಾರ ಪರ್ವತಕ್ಕೂ ಸಂಬಂಧವಿಲ್ಲ.

ಉಸಿರಿನ ಲೆಕ್ಕ ಸುಲಭ. ಮೇಲೆ ಹೋದ ಹಾಗೆ ಗಾಳಿ ತೆಳುವಾಗುತ್ತದೆ. ಬೆಂಗಳೂರಿನಲ್ಲಿ ಮೂರು ಉಸಿರಿಗೆ ಸಿಗುವ ಆಮ್ಲಜನಕಕ್ಕೆ ಕುಸ್ಕೋದಲ್ಲಿ ನಾಲ್ಕು ಉಸಿರು ಬೇಕು. ಆ ಕಣಿವೆಯ ತುದಿಯಲ್ಲಿ, ಇಲ್ಲಿಯ ಎರಡು ಉಸಿರಿಗೆ ಅಲ್ಲಿ ಮೂರು. ದೇಹಕ್ಕೆ ಇದು ಗೊತ್ತಾಗುತ್ತದೆ, ಜಾಸ್ತಿ ಉಸಿರಾಡಲು ಶುರು ಮಾಡುತ್ತದೆ. ಜಾಸ್ತಿ ಉಸಿರಾಡಿದರೆ ರಕ್ತದ ಹುಳಿ ಕಡಿಮೆಯಾಗಿ ಕ್ಷಾರ ಹೆಚ್ಚುತ್ತದೆ. ಆಗ ಮಿದುಳು, ಸಾಕು ನಿಧಾನ ಮಾಡು ಅನ್ನುತ್ತದೆ. ಒಂದು ಕಡೆ ಗಾಳಿ ಬೇಕು, ಇನ್ನೊಂದು ಕಡೆ ಬೇಡ. ಈ ಜಗಳ ಬಿಡಿಸುವುದು ಮೂತ್ರಪಿಂಡ. ಹೆಚ್ಚಾದ ಕ್ಷಾರವನ್ನು ಅದು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಆದರೆ ಅದು ಸರ್ಕಾರಿ ಕಡತದ ಹಾಗೆ, ತನ್ನ ಸಮಯ ತಗೊಂಡೇ ತಗೊಳ್ಳುತ್ತದೆ. ಮೂರು ನಾಲ್ಕು ದಿನ. ನೀವು ದಿನಾ ಹತ್ತು ಕಿಲೋಮೀಟರ್ ಓಡುವವರು ಅಂತ ಅದು ನಿಮ್ಮ ಕೆಲಸ ಬೇಗ ಮಾಡಿಕೊಡುವುದಿಲ್ಲ.

ಅಷ್ಟರೊಳಗೆ ಹತ್ತಿದರೆ ತಲೆನೋವು, ವಾಂತಿ ಶುರುವಾಗಬಹುದು. ಎತ್ತರದ ಕಾಯಿಲೆ ಅನ್ನುವುದು ಇದನ್ನೇ. ಅದಕ್ಕೇ ಹೇಳಿದ್ದು. ನಾಲ್ಕು ರಾತ್ರಿ ಮಲಗಿ, ಆಮೇಲೆ ಹತ್ತಿ.

ಇದನ್ನು ಕೇಳದವರು ಯಾರು ಅಂತ ಕೇಳಿದರೆ, ನನ್ನ ಮನೆಯಲ್ಲೇ ಒಬ್ಬ ಇದ್ದಾನೆ. ನನ್ನ ಹೆಂಡತಿಯ ತಮ್ಮ. ಮ್ಯಾರಥಾನ್ ಓಡುವವನು. ಮನೆಯ ಗೋಡೆ ಮೇಲೆ ದೇವರ ಪಟಕ್ಕಿಂತ ಅವನ ಪದಕಗಳೇ ಜಾಸ್ತಿ. ಪೆರುವಿಗೆ ಹೋಗೋಣ ಅಂದಾಗ ಮೊದಲು ಕೈ ಎತ್ತಿದವನೇ ಅವನು.

ಆ ದಾರಿಗೆ ಪರ್ಮಿಟ್ ಬೇಕು. ದಿನಕ್ಕೆ ಒಟ್ಟು 500 ಜನಕ್ಕೆ ಮಾತ್ರ ಬಿಡುತ್ತಾರೆ. ಗೈಡು, ಅಡುಗೆಯವರು, ಹೊರೆ ಹೊರುವವರು ಎಲ್ಲ ಸೇರಿ ಐನೂರು. ನಮ್ಮಂಥವರಿಗೆ ಸಿಗುವುದು ಸುಮಾರು ಇನ್ನೂರು. ತಿಂಗಳುಗಟ್ಟಲೆ ಮೊದಲೇ ತೆಗೆದುಕೊಳ್ಳಬೇಕು. ಹೆಸರು, ಪಾಸ್‌ಪೋರ್ಟ್ ನಂಬರು ಎಲ್ಲ ಅದರಲ್ಲೇ ಇರುತ್ತದೆ. ದಿನ ಬದಲಾಯಿಸಲು ಆಗದು, ಬೇರೆಯವರಿಗೆ ಕೊಡಲೂ ಆಗದು. ನಾವು ನಾಲ್ಕು ಜನ ಜೂನ್ ತಿಂಗಳಿಗೆ ಮಾಡಿಸಿದೆವು. ಆ ದಿನದಿಂದ ಹಿಂದಕ್ಕೆ ಎಣಿಸಿ, ನಾಲ್ಕು ದಿನ ಮೊದಲೇ ಅಲ್ಲಿರಬೇಕು ಅಂತ ನಾನು ಟಿಕೆಟ್ ಹಾಕಿದೆ. ಅವನು, "ಭಾವ, ನನಗೆ ಅಷ್ಟು ರಜಾ ಇಲ್ಲ, ಹಿಂದಿನ ದಿನ ಬಂದು ಸೇರಿಕೊಳ್ಳುತ್ತೇನೆ" ಅಂದ. ನಾನು ಮೂತ್ರಪಿಂಡದ ಪಾಠ ಪೂರ್ತಿ ಹೇಳಿದೆ. ಅವನು, "ನನ್ನ ಹಾರ್ಟ್ ರೇಟು ನಲವತ್ತೆಂಟು ಭಾವ" ಅಂದ, ಅಷ್ಟು ಗಟ್ಟಿ ಹೃದಯ ಅಂತ. ಅಲ್ಲಿಗೆ ಮಾತು ಮುಗಿಯಿತು.

ನಾವು ಮೂವರು ಕುಸ್ಕೋದಲ್ಲಿ ಇಳಿದವರೇ ಅಲ್ಲಿ ಉಳಿಯಲಿಲ್ಲ. ಕಾರು ಮಾಡಿಕೊಂಡು ನೇರ ಓಯಂತಾಯ್ತಾಂಬೋ ಎಂಬ ಊರಿಗೆ ಇಳಿದುಬಿಟ್ಟೆವು. ಅದು ಕುಸ್ಕೋಗಿಂತ ತಗ್ಗು, ಸುಮಾರು 2800 ಮೀಟರ್. ಎರಡು ರಾತ್ರಿ ಅಲ್ಲಿ ಮಲಗಿ, ಆಮೇಲೆ ಎರಡು ರಾತ್ರಿಗೆ ಕುಸ್ಕೋಗೆ ಹತ್ತಿದೆವು. ಮೊದಲ ದಿನ ನನಗೂ ತಲೆ ಭಾರ ಇತ್ತು. ರಾತ್ರಿ ನನ್ನ ಹೆಂಡತಿ ಎದ್ದು ಕೂತು, "ನಿಮ್ಮ ಉಸಿರು ನಿಂತೇ ಹೋಗಿತ್ತು ರೀ" ಅಂತ ಹೆದರಿದಳು. ಎತ್ತರದಲ್ಲಿ ನಿದ್ದೆ ಮಾಡುವಾಗ ಉಸಿರು ಕೆಲವು ಕ್ಷಣ ನಿಂತು ಮತ್ತೆ ಜೋರಾಗಿ ಶುರುವಾಗುತ್ತದೆ. ಅದು ಮಾಮೂಲು. ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದದ್ದನ್ನು ನನ್ನ ಹೆಂಡತಿ ನನ್ನ ಮೂಗಿನ ಹತ್ತಿರ ಕೈ ಹಿಡಿದು ಪರೀಕ್ಷೆ ಮಾಡಿದಳು.

ನಾಲ್ಕನೇ ಸಂಜೆ ನಮ್ಮ ಓಟಗಾರ ಬಂದ. ಬಂದವನೇ ಹೋಟೆಲಿನ ಮೂರನೇ ಮಹಡಿಗೆ ಬ್ಯಾಗು ಹೊತ್ತು ಓಡಿಕೊಂಡೇ ಹತ್ತಿದ. ರಾತ್ರಿ ಊಟಕ್ಕೆ ಕೂತಾಗ ತಟ್ಟೆ ಮುಟ್ಟಲಿಲ್ಲ. ಪ್ರಯಾಣದ ಸುಸ್ತು ಅಂದ. ಕೋಕಾ ಎಲೆಯ ಟೀ ಕುಡಿದ. ಅದು ಅಲ್ಲಿ ಎಲ್ಲ ಕಡೆ ಕೊಡುತ್ತಾರೆ, ನೀವೂ ಕುಡಿಯಿರಿ, ಆದರೆ ಅದನ್ನೇ ಔಷಧಿ ಅಂದುಕೊಳ್ಳಬೇಡಿ. ಎಲೆ ಚೀಲದಲ್ಲಿ ಇಟ್ಟುಕೊಂಡು ಊರಿಗೆ ತರಲೂಬೇಡಿ, ನಮ್ಮ ದೇಶದಲ್ಲಿ ಅದು ಅಪರಾಧ. ನಾನು ಅಸೆಟಜೋಲಮೈಡ್ ಮಾತ್ರೆ ಕೊಡಲು ಹೋದೆ. ಮೂತ್ರಪಿಂಡದ ಕೆಲಸ ಬೇಗ ಮಾಡಿಸುವ ಮಾತ್ರೆ ಅದು. "ನನಗ್ಯಾಕೆ ಭಾವ ಮಾತ್ರೆ" ಅಂದ.

ನಡಿಗೆಯ ಮೊದಲ ದಿನ ಸಲೀಸು. ನದಿ ಪಕ್ಕದಲ್ಲೇ ಹೆಚ್ಚಿನ ದಾರಿ. ಅವನೇ ಮುಂದೆ. ರಾತ್ರಿ ವಾಯ್ಯಾಬಾಂಬಾದಲ್ಲಿ ಡೇರೆ. ಸುಮಾರು 3000 ಮೀಟರ್. ಬೆಳಿಗ್ಗೆ ಎದ್ದಾಗ ಅವನ ಮುಖ ಬಿಳಿಚಿಕೊಂಡಿತ್ತು. ಕೇಳಿದರೆ, "ಏನಿಲ್ಲ, ದಿಂಬು ಸರಿ ಇರಲಿಲ್ಲ." ಆಮೇಲೆ ಗೊತ್ತಾಯಿತು, ಕುಸ್ಕೋದ ತಲೆನೋವು ಬಿಟ್ಟೇ ಇರಲಿಲ್ಲ. ನಮಗೆ ಕಾಣದ ಹಾಗೆ ಪ್ಯಾರಾಸಿಟಮಾಲ್ ನುಂಗುತ್ತಿದ್ದ. ಹತ್ತು ಗಂಟೆಯ ಹೊತ್ತಿಗೆ ಯೂಯೂಚಾಪಾಂಪಾ ಎಂಬ ಹುಲ್ಲುಗಾವಲಿಗೆ ಬಂದೆವು. ಅಲ್ಲಿಗೆ ಸುಮಾರು 3800 ಮೀಟರ್. ಮೇಲೆ ಕಣಿವೆಯ ತುದಿ ಕಾಣುತ್ತಿತ್ತು. ನಮ್ಮವನು ಒಂದು ಕಲ್ಲಿನ ಹಿಂದೆ ಹೋಗಿ ವಾಂತಿ ಮಾಡಿ ಬಂದ. ಬಂದು, "ಈಗ ಸರಿಹೋಯಿತು, ನಡೀರಿ" ಅಂದ.

ನಾನು ನಿಲ್ಲಿಸಿದೆ. ನೆಲದ ಮೇಲೆ ಕೋಲಿನಿಂದ ಒಂದು ಗೆರೆ ಎಳೆದೆ. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವ ಹಾಗೆ ಅದರ ಮೇಲೆ ನಡೆ ಅಂದೆ. "ಕುಡಿದಿದ್ದೀನಾ ಭಾವ?" ಅಂತ ಸಿಟ್ಟು ಮಾಡಿಕೊಂಡು ನಡೆದ. ತಪ್ಪಲಿಲ್ಲ. ತೂರಾಡಿದ್ದರೆ ಮಿದುಳಿನಲ್ಲಿ ನೀರು ತುಂಬುತ್ತಿದೆ ಅಂತ ಅರ್ಥ, ಆಗ ಒಂದು ನಿಮಿಷವೂ ಕಾಯುವ ಹಾಗಿಲ್ಲ, ರಾತ್ರಿಯಾದರೂ ಹೊತ್ತುಕೊಂಡು ಇಳಿಸಬೇಕು. ಕೂತಲ್ಲೇ ಏದುಸಿರು, ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು. ಅದಕ್ಕೂ ಅದೇ ದಾರಿ, ಇಳಿಯುವುದು. ಇವನಿಗೆ ಅಲ್ಲಿವರೆಗೆ ಹೋಗಿರಲಿಲ್ಲ. ಆದರೆ ತಲೆನೋವು ಜಾಸ್ತಿಯಾಗುತ್ತಿತ್ತು, ಜೊತೆಗೆ ವಾಂತಿ. ನೋಡಪ್ಪ, ಪದಕ ಊರಲ್ಲಿ ಇದೆ, ನೀನು ಕೆಳಗೆ ಇಳಿ ಅಂದೆ. ಅವನ ಅಕ್ಕ ಹೇಳಿದ ಮೇಲೆ ಇಳಿದ. ಸಹಾಯಕ ಗೈಡು ಜೊತೆಗೆ ಹೋದ. ಆಗ ಮಾತ್ರೆ ಕೊಟ್ಟೆ, ಮಾತಾಡದೆ ನುಂಗಿದ.

ನಾವು ಹತ್ತಿದೆವು. ಹತ್ತು ಹೆಜ್ಜೆ, ನಿಲ್ಲು. ಹತ್ತು ಹೆಜ್ಜೆ, ನಿಲ್ಲು. ಆ ದಿನ ನನ್ನ ವಯಸ್ಸು ಅರವತ್ತೆರಡು. ನಮ್ಮ ಪಕ್ಕದಲ್ಲೇ ಇಪ್ಪತ್ತರ ಹುಡುಗರು ಬೆನ್ನ ಮೇಲೆ ಡೇರೆ, ಗ್ಯಾಸ್ ಸಿಲಿಂಡರ್ ಹೊತ್ತು ದಾಟಿ ಹೋಗುತ್ತಿದ್ದರು. ಹುಟ್ಟಿದ್ದೇ ಆ ಎತ್ತರದಲ್ಲಿ, ಅವರಿಗೂ ನಮಗೂ ಹೋಲಿಕೆ ಬೇಡ. ದಾರಿ ಬಿಟ್ಟುಕೊಡಿ, ಅಷ್ಟೇ.

ನಾಲ್ಕನೇ ದಿನ ನಸುಕಿನಲ್ಲಿ ಸೂರ್ಯದ್ವಾರ ದಾಟಿದೆವು. ಅವರ ಭಾಷೆಯಲ್ಲಿ ಇಂತಿ ಪುಂಕು. ಕೆಳಗೆ ಮಂಜು ಸರಿದು ಮಾಚು ಪಿಚು ಕಂಡಿತು. ನನ್ನ ಹೆಂಡತಿ ಅತ್ತಳು. ಮಂಡಿ ನೋವಿಗೋ ಸಂತೋಷಕ್ಕೋ ಇವತ್ತಿಗೂ ಹೇಳಿಲ್ಲ. ಇಳಿದು ಊರಿನ ಬಾಗಿಲಿಗೆ ಬಂದರೆ ಅಲ್ಲಿ ಯಾರು? ನಮ್ಮ ಓಟಗಾರ. ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ರೈಲಿನಲ್ಲಿ ಬಂದು ಬಸ್ಸು ಹತ್ತಿ ನಮಗಿಂತ ಮೊದಲೇ ನಿಂತಿದ್ದಾನೆ! ಇಳಿದ ರಾತ್ರಿಯೇ ತಲೆನೋವು ಹೋಯಿತಂತೆ. ಮಾಚು ಪಿಚು ತಗ್ಗಿನಲ್ಲಿದೆ ಅಂದೆನಲ್ಲ, ಅಲ್ಲಿ ಅವನಿಗೆ ಏನೂ ಆಗಲಿಲ್ಲ. ಅವನ ದೂರು ಒಂದೇ. ಬೆಟ್ಟದ ಬುಡದ ಅಂಗಡಿಯಲ್ಲಿ ಅಲ್ಲಿನ ಹಳದಿ ಬಣ್ಣದ ಸೋಡಾ ಕುಡಿದನಂತೆ, "ಗ್ಯಾಸೇ ಇಲ್ಲ ಭಾವ, ಬರೀ ಸಪ್ಪೆ, ಮೋಸ." ಸೋಡಾ ಸರಿಯಾಗಿಯೇ ಇತ್ತು. ನಾನು ಕೊಟ್ಟ ಆ ಅಸೆಟಜೋಲಮೈಡ್ ತಿಂದರೆ ಸೋಡಾ ಸಪ್ಪೆ ಅನ್ನಿಸುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ, ಪದೇ ಪದೇ ಮೂತ್ರ ಬರುತ್ತದೆ. ಸಲ್ಫಾ ಅಲರ್ಜಿ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ನಮ್ಮ ಮನೆಯ ಹಾಲಿನಲ್ಲಿ ಆ ದಿನದ ಫೋಟೋ ಇದೆ. ನೋಡಿದವರೆಲ್ಲ, ನಾಲ್ಕು ದಿನ ನಡೆದರೂ ಇವರೊಬ್ಬರು ಎಷ್ಟು ಲವಲವಿಕೆಯಾಗಿದ್ದಾರೆ ಅನ್ನುತ್ತಾರೆ. ಅವನು ಬಾಯಿ ಬಿಡುವುದಿಲ್ಲ.

ನನಗೆ ಕೊಟ್ಟಿರುವುದು ಹದಿನೈದು ನಿಮಿಷ. ಬರೆದುಕೊಂಡು ಬಂದ ಹಾಳೆಗಳಲ್ಲಿ ಭಾವಮೈದನೇ ಮುಕ್ಕಾಲು ಪಾಲು ನುಂಗಿದ. ಉಳಿದದ್ದು ಬೇಗ ಬೇಗ.

ಹೋಗುವುದಾದರೆ ಮೇ ತಿಂಗಳಿನಿಂದ ಸೆಪ್ಟೆಂಬರ್ ಒಳಗೆ. ಅದು ಅಲ್ಲಿ ಮಳೆ ಇಲ್ಲದ ಕಾಲ, ರಾತ್ರಿ ಚಳಿ ಮಾತ್ರ ಕೊರೆಯುತ್ತದೆ. ಫೆಬ್ರವರಿಯಲ್ಲಿ ದಾರಿಯೇ ಮುಚ್ಚಿರುತ್ತದೆ. ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಿ, ಹೊರಡುವ ಹತ್ತು ದಿನ ಮೊದಲೇ. ಪೆರುವಿನಿಂದ ವಾಪಸ್ ಬರುವಾಗ ಆ ಲಸಿಕೆಯ ಹಳದಿ ಕಾರ್ಡು ಇಲ್ಲದಿದ್ದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ನಿಮ್ಮನ್ನು ಪ್ರತ್ಯೇಕ ಇರಿಸಬಹುದು. ಪರ್ಮಿಟ್ ಮಾಡಿಸಿದ ಮೇಲೆ ಪಾಸ್‌ಪೋರ್ಟ್ ಬದಲಾಯಿಸಲು ಹೋಗಬೇಡಿ. ಊರುಗೋಲಿನ ತುದಿಗೆ ರಬ್ಬರ್ ಟೋಪಿ ಇರಲಿ, ಇಲ್ಲದಿದ್ದರೆ ಹಳೆಯ ಕಲ್ಲು ಹಾಳಾಗುತ್ತದೆ ಅಂತ ಬಿಡುವುದಿಲ್ಲ.

ಕಾಲಿಗೆ ಅಭ್ಯಾಸ ಬೇಕೇ ಬೇಕು, ಬೇಡ ಅಂದೆನೇ? ಆದರೆ ಎಲ್ಲರೂ ಹತ್ತುವುದನ್ನು ಅಭ್ಯಾಸ ಮಾಡುತ್ತಾರೆ. ಅಲ್ಲಿ ಮಂಡಿ ಮುರಿಯುವುದು ಇಳಿಯುವ ಮೆಟ್ಟಿಲು. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇದೆ. ಹತ್ತಿ, ಕೈಮುಗಿದು, ಬಸ್ಸಿನಲ್ಲಿ ಇಳಿಯಬೇಡಿ. ನಡೆದೇ ಇಳಿಯಿರಿ. ವಾರಕ್ಕೆ ಎರಡು ಸಲ, ಮೂರು ತಿಂಗಳು. ಅದೆಲ್ಲ ಮಾಡಿದ ಮೇಲೂ ನಾಲ್ಕು ರಾತ್ರಿ ಮಲಗಿ, ಆಮೇಲೆ ಹತ್ತಿ. ರಜಾ ಸಿಗದಿದ್ದರೆ ರೈಲಿನಲ್ಲಿ ಹೋಗಿ. ನಮ್ಮವನು ಹೋಗಲಿಲ್ಲವೇ?

ಇನ್ನು ಶೂ. ಹೊಸದನ್ನು ಡಬ್ಬಿಯಿಂದ ತೆಗೆದು ನೇರ ವಿಮಾನ ಹತ್ತಬೇಡಿ. ಎರಡು ತಿಂಗಳು ಮೊದಲೇ ತಗೊಳ್ಳಿ, ತರಕಾರಿ ತರಲೂ ಅದನ್ನೇ ಹಾಕಿಕೊಂಡು ಹೋಗಿ. ನನ್ನದು ಯಾವ ಕಂಪನಿಯದು ಅಂತ ಮಾತ್ರ ಕೇಳಬೇಡಿ. ರೇಡಿಯೋದಲ್ಲಿ ಅದನ್ನು ಹೇಳುವ ಹಾಗಿಲ್ಲವಂತೆ.

ನಮಸ್ಕಾರ.