ಮಾಡು ಉಳಿದರೆ ಮನೆ ಉಳಿದೀತು

ಕೇಳುಗರೇ, ನಮಸ್ಕಾರ.

ಕರಾವಳಿಯ ಹಿರಿಮನೆತನಗಳ ಗುತ್ತಿನ ಮನೆಗಳು, ನಡುವೆ ಅಂಗಳವಿರುವ ಚೌಕಿಮನೆಗಳು ಒಂದೊಂದಾಗಿ ಬೀಳುತ್ತಿರುವುದನ್ನು ನೀವೂ ಕಂಡಿರುತ್ತೀರಿ. ಬೀಳುವ ಬಗೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಮಂಗ ಹಾರಿಯೋ ತೆಂಗಿನಕಾಯಿ ಬಿದ್ದೋ ಮಾಡಿನ, ಅಂದರೆ ಛಾವಣಿಯ, ಒಂದು ಹಂಚು ಒಡೆಯುತ್ತದೆ. ಮನೆಯಲ್ಲಿ ಜನವಿದ್ದರೆ ಅದು ಮೊದಲ ಮಳೆಗೇ ತಿಳಿಯುತ್ತದೆ. ಬೀಗ ಹಾಕಿದ ಮನೆಯಲ್ಲಿ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯೆಲ್ಲ ಅದೇ ತೂತಿನಿಂದ ಇಳಿಯುತ್ತದೆ. ಮೊದಲು ಹಂಚು ಕೂರುವ ರೀಪು, ಆಮೇಲೆ ಆ ರೀಪನ್ನು ಹೊರುವ ಪಕ್ಕಾಸು ಕೊಳೆತು ಕುಂಬಾಗುತ್ತದೆ. ನೀರು ಮಣ್ಣಿನ ಗೋಡೆಯ ನೆತ್ತಿಗೆ ತಲುಪಿದರೆ ಗೋಡೆ ಕರಗತೊಡಗುತ್ತದೆ, ಒದ್ದೆ ಮರಕ್ಕೆ ಗೆದ್ದಲು ಹತ್ತುತ್ತದೆ. ತಲೆಮಾರುಗಳನ್ನು ಕಂಡ ಮನೆ ಕೆಲವೇ ಮಳೆಗಾಲಗಳಲ್ಲಿ ಕುಸಿಯುತ್ತದೆ. ಆಗ ಹಲಸಿನ ಕಂಬ, ಕೆತ್ತನೆಯ ಬಾಗಿಲ ದಾರಂದಗಳನ್ನು ಕೊಳ್ಳುವವರು ಬಾಗಿಲಿಗೇ ಬರುತ್ತಾರೆ.

ಮಣಿಪಾಲದ ವಿಜಯನಾಥ ಶೆಣೈಯವರು ಬ್ಯಾಂಕ್ ನೌಕರಿಯಲ್ಲಿದ್ದುಕೊಂಡೇ ಇಂಥ ಮನೆಗಳ ಬೆನ್ನು ಹತ್ತಿದವರು. ಇನ್ನೇನು ಉಳಿಯುವುದಿಲ್ಲ ಎನ್ನುವಂಥ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿಸಿ, ಸಾಗಿಸಿ, ಮಣಿಪಾಲದಲ್ಲಿ ಮತ್ತೆ ಜೋಡಿಸಿದರು. ಕುಂಜೂರಿನ ಚೌಕಿಮನೆ, ಮಿಯಾರಿನ ಮನೆ ಇಂದು ಅಲ್ಲಿನ ಹೆರಿಟೇಜ್ ವಿಲೇಜ್‌ನಲ್ಲಿ ನಿಂತಿವೆ. ಶೆಣೈಯವರು 2017ರಲ್ಲಿ ತೀರಿಕೊಂಡರು. ಅವರ ಕೆಲಸ ಸಾಧ್ಯವಾದದ್ದು ಮರಗೆಲಸದ ಹಳೆಯ ಆಚಾರಿಗಳ ಕೈಚಳಕದಿಂದಲೂ ಹೌದು. ಕಂಬ, ತೊಲೆಗಳು ಕೂತಿರುವುದು ಮೊಳೆಯ ಬಲದಿಂದಲ್ಲ, ಒಂದರ ಬಾಯಿಗೆ ಇನ್ನೊಂದನ್ನು ಕಚ್ಚಿಸಿದ ಜೋಡಣೆಯಿಂದ. ಹಾಗಾಗಿ ಬಿಚ್ಚಲೂ ಬರುತ್ತದೆ, ಕಟ್ಟಲೂ ಬರುತ್ತದೆ.

ಆದರೂ ಅದು ಕೊನೆಯ ದಾರಿಯೆಂದೇ ನನ್ನ ಭಾವನೆ. ಗದ್ದೆ, ಬಾವಿ, ನಾಗಬನಗಳ ನಡುವೆ ಹುಟ್ಟಿದ ಮನೆ ಅಲ್ಲೇ ಉಳಿಯಬೇಕು. ಉಳಿದಿರುವ ಮನೆಗಳನ್ನು ನೋಡಿ: ದೈವದ ಚಾವಡಿ ಇರುವಲ್ಲಿ ವರ್ಷಕ್ಕೊಮ್ಮೆಯಾದರೂ ಮುಂಬೈಯಿಂದ, ಬೆಂಗಳೂರಿನಿಂದ ಕುಟುಂಬದವರು ಬಂದು ಸೇರುತ್ತಾರೆ. ದೈವದ ತಂಬಿಲ ಪೂಜೆಗೋ ನೇಮದ ಉತ್ಸವಕ್ಕೋ ಬಂದವರ ಕಣ್ಣು ಮಾಡಿನ ಮೇಲೂ ಬೀಳುತ್ತದೆ. ಅಂಥ ಕಾರಣವಿಲ್ಲದ ಮನೆಗೆ ಪಾಲುದಾರರು ಹಲವರು, ಏಣಿ ಹತ್ತುವವರು ಯಾರೂ ಇಲ್ಲ.

ಸ್ಮಾರಕಗಳ ರಕ್ಷಣೆಗೆ 1961ರ ರಾಜ್ಯ ಕಾಯ್ದೆಯಿದೆ, ನಿಜ. ಆದರೆ ಊರೂರಿನ ವಾಸದ ಮನೆಗಳಿಗೆಲ್ಲ ಆ ಆಸರೆ ಸಿಗುವುದಿಲ್ಲ. ಆದ್ದರಿಂದ ಮಾತು ಕುಟುಂಬದೊಳಗೇ ಆಗಬೇಕು. ಪಾಲುಪಟ್ಟಿ ಬರೆಯುವಾಗ ತೋಟ, ಗದ್ದೆ ಹಂಚಿಕೊಳ್ಳಿ. ಮನೆಯನ್ನು ಮಾತ್ರ ಒಟ್ಟಾಗಿ ಇರಿಸಿ, ಮಾಡಿನ ದುರಸ್ತಿಗೆಂದು ಪ್ರತಿಯೊಬ್ಬರೂ ವರ್ಷಕ್ಕೆ ಇಷ್ಟು ಕೊಡಬೇಕೆಂದು ಅದರಲ್ಲೇ ಬರೆಸಿ.

ಇನ್ನೊಂದು ಮಾತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಆರಂಭಿಸಿದ ಹಂಚಿನ ಉದ್ಯಮ ಈಗ ಬಹಳ ಸೊರಗಿದೆ. ನೆರೆಯಲ್ಲಿ ಹಳೆಯ ಮನೆ ಕೆಡವುತ್ತಿದ್ದರೆ ನಿಮ್ಮ ಅಳತೆಗೆ ಕೂಡುವ ಹಂಚನ್ನು ಈಗಲೇ ತಂದಿಡಿ. ಊರಿನಲ್ಲಿ ಹಳಬ ಆಚಾರಿಯೊಬ್ಬರಿದ್ದರೆ ಅವರನ್ನು ಕರೆದು ಮಾಡು ತೋರಿಸಿ. ಯಾವ ಪಕ್ಕಾಸು ಬದಲಿಸಬೇಕು, ಯಾವುದು ಇನ್ನೂ ಗಟ್ಟಿಯಿದೆ ಎಂದು ಅವರು ತಟ್ಟಿ ನೋಡಿಯೇ ಹೇಳುತ್ತಾರೆ. ಮುಂಗಾರಿಗೆ ಮೊದಲು ಇದಾಗಲಿ.

ನಮಸ್ಕಾರ.