ಇನ್‌ಎಕ್ಸ್‌ಟ್ರಿಕಬಲ್: ಕತ್ತರಿ ಕೇಳುವ ಸಿಕ್ಕು

ನಮಸ್ಕಾರ. ಹೋದ ವಾರ ನನ್ನ ಮಗಳು ಕೂದಲಿಗೆ ಬಬಲ್‌ಗಮ್ ಮೆತ್ತಿಕೊಂಡು ಬಂದಳು. ನಮ್ಮಮ್ಮ ಕೊಬ್ಬರಿ ಎಣ್ಣೆ ಬಟ್ಟಲು ಹಿಡಿದು ಕೂತರು. ಸಿಕ್ಕು ಬಿಡಿಸೋದರಲ್ಲಿ ಅವರದು ಪಳಗಿದ ಕೈ: ಬುಡದಿಂದ ಎಳೀಬಾರದು, ತುದಿಯಿಂದ ಬಿಡಿಸ್ತಾ ಬಿಡಿಸ್ತಾ ಮೇಲಕ್ಕೆ ಬರಬೇಕು. ಅರ್ಧ ಗಂಟೆ ಒದ್ದಾಡಿ, ಕೊನೆಗೆ "ಕತ್ತರಿ ತಗೊಂಬಾರೋ" ಅಂದರು.

ಬಾಚಣಿಗೆಗೆ ಬಗ್ಗೋ ಸಿಕ್ಕು ಇಂಗ್ಲಿಷಲ್ಲಿ ಟ್ಯಾಂಗಲ್ಡ್. ಕತ್ತರಿ ಕೇಳೋದು ಇನ್‌ಎಕ್ಸ್‌ಟ್ರಿಕಬಲ್. ಲ್ಯಾಟಿನ್ನಿನ 'ಟ್ರೀಕೇ' ಅಂದರೆ ತಾಪತ್ರಯ, ಕಿರಿಕಿರಿ. ಅದರಿಂದ ಬಿಡಿಸಿಕೊಂಡರೆ ಎಕ್ಸ್‌ಟ್ರಿಕೇಟ್, ಬಿಡಿಸಿಕೊಳ್ಳೋಕೇ ಆಗದಿದ್ದರೆ ಇದು. ಇಂಟ್ರಿಕೇಟ್ ಕೂಡ ಅದೇ ಮನೆಯದೇ, ಆದರೆ ಅದರಲ್ಲಿ ಮೆಚ್ಚುಗೆ ಇದೆ; ಸೀರೆ ಅಂಗಡಿಯಲ್ಲಿ ಧಾರಾಳವಾಗಿ ಬಳಸಬಹುದು.

ನನ್ನ ತಕರಾರು ನಮ್ಮ ಅನುವಾದದ ಮೇಲೆ. 'ಇನ್‌ಎಕ್ಸ್‌ಟ್ರಿಕಬ್ಲಿ ಲಿಂಕ್ಡ್' ಕಂಡ ಕೂಡಲೇ 'ಅವಿನಾಭಾವ ಸಂಬಂಧ' ಅಂತ ಬರೆದು ಕೈ ತೊಳ್ಕೊಳ್ತೀವಿ. ವೇದಿಕೆ ಭಾಷಣದಲ್ಲಂತೂ ಕೇಳಲೇಬೇಡಿ. ಆದರೆ ಅವಿನಾಭಾವ ತರ್ಕಶಾಸ್ತ್ರದ ಮಾತು: ಅದಿಲ್ಲದೆ ಇದಿಲ್ಲ. ಹೊಗೆಯಿದ್ದ ಕಡೆ ಬೆಂಕಿ ಇರಲೇಬೇಕು. ಬೆಂಕಿಗೆ ಮಾತ್ರ ಹೊಗೆಯ ಹಂಗಿಲ್ಲ, ಕಾದ ಕಬ್ಬಿಣ ನೋಡಿ. ಅಂದರೆ ಒಂದೇ ಕಡೆಯ ನಂಟು. ಇಂಗ್ಲಿಷ್ ಪದದಲ್ಲಿ ಎರಡೂ ಎಳೆ ಒಂದರೊಳಗೊಂದು ಹೊಕ್ಕಿವೆ, ಯಾವುದನ್ನು ಎಳೆದರೂ ಇನ್ನೊಂದಕ್ಕೆ ನೋವು.

ಕೆಜಿಎಫ್, ಅಂದರೆ ಕೋಲಾರ ಗೋಲ್ಡ್ ಫೀಲ್ಡ್ಸ್ ತಗೊಳ್ಳಿ. 1902ರಲ್ಲಿ ಶಿವನಸಮುದ್ರದ ಕರೆಂಟು ಹೋಗಿದ್ದೇ ಅಲ್ಲಿನ ಚಿನ್ನದ ಗಣಿಗೆ. ಆ ಕಾಲದವರು ನೋಡಿದ್ದರೆ ಇವೆರಡನ್ನು ಬೇರೆ ಮಾಡೋಕಾಗಲ್ಲ ಅಂದುಬಿಡುತ್ತಿದ್ದರೇನೋ. ಗಣಿ 2001ರಲ್ಲಿ ಮುಚ್ಚಿತು, ಶಿವನಸಮುದ್ರ ನಿಲ್ಲಲಿಲ್ಲ. ಗಂಟು ಸಲೀಸಾಗಿ ಬಿಚ್ಚಿಕೊಂಡಿತು. ಆದರೆ ಗಣಿಗೂ ಊರಿಗೂ? ಹೆಸರಲ್ಲೇ ಗಣಿ. ಚಿನ್ನ ತೆಗೆದು ಉಳಿದ ಮಣ್ಣು ಸಯನೈಡ್ ದಿಬ್ಬಗಳಾಗಿ ಇನ್ನೂ ಮನೆಗಳ ಪಕ್ಕದಲ್ಲೇ ನಿಂತಿದೆ. ಬೆಳಗ್ಗೆ ಬೆಂಗಳೂರಿನ ರೈಲಿಗೆ ಓಡೋ ಜನ ಆ ಗಣಿಯ ಮಕ್ಕಳು, ಮೊಮ್ಮಕ್ಕಳು. ಇದಕ್ಕೆ ಇನ್‌ಎಕ್ಸ್‌ಟ್ರಿಕಬಲ್ ಅನ್ನಿ, ಒಪ್ಪುತ್ತೀನಿ.

ಕನ್ನಡದಲ್ಲಿ? ಕಗ್ಗಂಟು ಇದೆ. ಜಟಿಲ ಇದೆ, ಅದು ಹುಟ್ಟಿದ್ದೇ ಜಟೆಯಿಂದ. ನನಗಂತೂ 'ಬಿಡಿಸಲಾರದ ಸಿಕ್ಕು' ಸಾಕು. ಮಗಳ ಕಿವಿ ಹತ್ತಿರದ ಕೂದಲು ಎರಡಿಂಚು ಗಿಡ್ಡ ಆಗಿದೆ. ಅವಳು ಅದನ್ನ ಸ್ಟೈಲ್ ಅಂತಾಳೆ.