ಕೊಟ್ಟ ಮಾತಿಗೆ ಕಾವಲು

ಕೇಳುಗರಿಗೆ ನಮಸ್ಕಾರ.

ರಷ್ಯಾದಲ್ಲಿ ಯಾರದೋ ಮನೆಗೆ ಹೋದವರು ಊಟ, ಚಹಾ, ಹರಟೆ ಎಲ್ಲ ಮುಗಿದು ಹೊತ್ತಾಯಿತು ಅನ್ನಿಸಿದಾಗ ಎದ್ದು ನಿಂತು ಒಂದು ಮಾತು ಹೇಳುತ್ತಾರೆ. 'ಪರಾ ಇ ಚೆಸ್ತ್ ಜ್ನಾತ್.' ಇನ್ನು ನಮ್ಮ ಮರ್ಯಾದೆ ತಿಳಿದುಕೊಂಡು ಹೊರಡೋ ಹೊತ್ತು, ಅಂತ. ನಮ್ಮ ಮನೆಗಳಲ್ಲೂ ಹೇಳಬಹುದಾದ ಮಾತೇ, ಅಲ್ವಾ?

ಈ 'ಚೆಸ್ತ್' ಅನ್ನೋ ಪದ ನನಗೆ ತುಂಬ ಇಷ್ಟ. ಮಾನ, ಮರ್ಯಾದೆ, ಗೌರವ, ಮೂರೂ ಅದರೊಳಗೇ ಇವೆ. ಸೈನಿಕ ಸಲ್ಯೂಟ್ ಹೊಡೆದರೆ 'ಚೆಸ್ತ್ ಕೊಟ್ಟ' ಅನ್ನುತ್ತಾರೆ. ಪ್ರಾಮಾಣಿಕ ಮನುಷ್ಯನಿಗೆ ಹೇಳುವ 'ಚೆಸ್ನಿ' ಕೂಡ ಅದೇ ಬೇರಿನದು. ಮಕ್ಕಳು ನಿಜವಾಗ್ಲೂ ಅಂತ ಆಣೆ ಇಡುವಾಗ 'ಚೆಸ್ನಯೆ ಸ್ಲೋವ' ಅನ್ನುತ್ತಾರೆ, ಅಂದರೆ ಮಾನದ ಮಾತು.

ಆದರೆ ಮಾನ ಇರೋದು ಎಲ್ಲಿ? ನಾಲ್ಕು ಜನರ ಬಾಯಲ್ಲೋ, ನಮ್ಮೊಳಗೋ? ಹಿಂದೆ ಮಾಸ್ಕೋದ ದೊಡ್ಡ ಮನೆತನದವರು ಯಾರ ಅಜ್ಜ ಯಾರಿಗಿಂತ ಮೇಲಿದ್ದ ಅಂತ ಲೆಕ್ಕ ಹಾಕಿ, ರಾಜನ ಪಂಕ್ತಿಯಲ್ಲಿ ಕೂರುವ ಜಾಗಕ್ಕೂ ಜಗಳ ಆಡುತ್ತಿದ್ದರು. 1682ರಲ್ಲಿ ಆ ಪದ್ಧತಿಯನ್ನೇ ರದ್ದು ಮಾಡಿ, ಲೆಕ್ಕದ ಪುಸ್ತಕಗಳನ್ನು ಸುಟ್ಟುಹಾಕಿದರು. ಪುಸ್ತಕ ಸುಟ್ಟರೂ ಚಟ ಹೋಗಲಿಲ್ಲ.

ಪುಷ್ಕಿನ್ ಕವಿಯನ್ನೇ ನೋಡಿ. ಅವನ 'ಯೆವ್ಗೇನಿ ಅನ್ಯೇಗಿನ್' ಕಾವ್ಯದಲ್ಲಿ ನಾಯಕ ತನ್ನ ಗೆಳೆಯನನ್ನೇ, ಮಾನಕ್ಕಾಗಿ ಇಬ್ಬರು ಎದುರುಬದುರು ನಿಂತು ಹೋರಾಡುವ ಡ್ಯುಯೆಲ್‌ನಲ್ಲಿ ಗುಂಡಿಟ್ಟು ಕೊಲ್ಲುತ್ತಾನೆ. ಅವನಿಗೆ ದ್ವೇಷ ಇಲ್ಲ. ತಪ್ಪು ತನ್ನದೇ ಅಂತಲೂ ಗೊತ್ತು. ಹಿಂದೆ ಸರಿದರೆ ಜನ ನಗುತ್ತಾರೆ ಅನ್ನೋ ಭಯ, ಅಷ್ಟೇ. ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದ ಪುಷ್ಕಿನ್, ಹೆಂಡತಿಯ ವಿಷಯದಲ್ಲಿ ತನ್ನನ್ನು ಹಂಗಿಸುವ ಹೆಸರಿಲ್ಲದ ಪತ್ರಗಳು ಬಂದ ಮೇಲೆ ತಾನೇ ಅದೇ ದಾರಿ ಹಿಡಿದ. 1837ರ ಚಳಿಗಾಲ, ಪೀಟರ್ಸ್‌ಬರ್ಗ್ ಹೊರಗೆ ಹಿಮದಲ್ಲಿ ಹೊಟ್ಟೆಗೆ ಗುಂಡು ತಿಂದು ಬಿದ್ದ. ಎರಡು ದಿನ ನರಳಿ ಸತ್ತ. ಬರೀ 37 ವರ್ಷ. ಆ ಸಾವಿನ ಮೇಲೆ ಕವಿತೆ ಬರೆದ ಲೆರ್ಮಂತವ್ ಅವನನ್ನು ಮಾನದ ಗುಲಾಮ ಅಂತ ಕರೆದ. ನಾಲ್ಕೇ ವರ್ಷಕ್ಕೆ ಅವನೂ ಡ್ಯುಯೆಲ್‌ನಲ್ಲೇ ಹೋದ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ಅದೇ ಪುಷ್ಕಿನ್ ಸಾಯೋ ಮುಂಚೆ 1836ರಲ್ಲಿ 'ಕ್ಯಾಪ್ಟನ್ ಮಗಳು' ಕಾದಂಬರಿ ಪ್ರಕಟಿಸಿದ್ದ. ಅದರ ಶುರುವಿನಲ್ಲೇ ಒಂದು ಗಾದೆ ಇದೆ: ಬಟ್ಟೆಯನ್ನು ಹೊಸದಿರುವಾಗಲೇ ಜೋಪಾನ ಮಾಡು, ಮಾನವನ್ನು ಎಳೆ ವಯಸ್ಸಿನಿಂದಲೇ. ಅಲ್ಲಿನ ಹುಡುಗ ಗ್ರಿನ್ಯೋವ್ ದಂಗೆಕೋರ ಪುಗಚೋವ್‌ನ ಕೈಗೆ ಸಿಕ್ಕಿಬೀಳುತ್ತಾನೆ. ನನ್ನ ಕಡೆ ಸೇರು ಅಂದರೆ, ರಾಣಿಗೆ ಮಾತು ಕೊಟ್ಟಿದ್ದೇನೆ, ಆಗಲ್ಲ ಅನ್ನುತ್ತಾನೆ. ಇನ್ನು ಮೇಲೆ ನನ್ನ ಮೇಲೆ ಯುದ್ಧಕ್ಕೆ ಬರಲ್ಲ ಅಂತಲಾದರೂ ಹೇಳು ಅಂದರೆ, ಅದನ್ನೂ ಹೇಗೆ ಹೇಳಲಿ ಅನ್ನುತ್ತಾನೆ. ಆ ನೇರ ಮಾತಿಗೇ ಪುಗಚೋವ್ ಮೆತ್ತಗಾಗಿ ಅವನನ್ನು ಬಿಟ್ಟು ಕಳಿಸುತ್ತಾನೆ.

ಇದಕ್ಕಿಂತ ಚಿಕ್ಕ ಕಥೆ ಒಂದಿದೆ, 1941ರದ್ದು, ಪಂತೆಲೇಯೆವ್ ಮಕ್ಕಳಿಗಾಗಿ ಬರೆದದ್ದು. ಹೆಸರು 'ಮಾನದ ಮಾತು', ಅದೇ ಚೆಸ್ನಯೆ ಸ್ಲೋವ. ಸಂಜೆ ಪಾರ್ಕಿನ ಬಾಗಿಲು ಹಾಕೋ ಹೊತ್ತು. ಏಳೆಂಟು ವರ್ಷದ ಹುಡುಗ ಒಬ್ಬನೇ ನಿಂತು ಅಳುತ್ತಿದ್ದಾನೆ. ದೊಡ್ಡ ಹುಡುಗರು ಯುದ್ಧದ ಆಟದಲ್ಲಿ ಅವನನ್ನು ಸಾರ್ಜೆಂಟ್ ಮಾಡಿ, ಇದು ಸಿಡಿಮದ್ದಿನ ಮನೆ, ನಾವು ಬರೋತನಕ ಕಾವಲು ಕಾಯಿ ಅಂತ ಹೇಳಿ ಮಾತು ತೆಗೆದುಕೊಂಡು ಮರೆತು ಹೋಗಿದ್ದಾರೆ. ಮನೆಗೆ ಹೋಗಪ್ಪ ಅಂದರೆ ಹೋಗಲ್ಲ, ಮಾತು ಕೊಟ್ಟಿದ್ದೀನಿ. ಕೊನೆಗೆ ಕಥೆ ಹೇಳುವವನು ರಸ್ತೆಗೆ ಓಡಿ, ನಿಜವಾದ ಮಿಲಿಟರಿ ಮೇಜರ್ ಒಬ್ಬರನ್ನು ಹುಡುಕಿ ಕರೆತರುತ್ತಾನೆ. ಮೇಜರ್ ನಗೋದಿಲ್ಲ, ಬೈಯೋದಿಲ್ಲ. ಸಾರ್ಜೆಂಟ್, ಕಾವಲು ಬಿಡಲು ಆಜ್ಞೆ ಮಾಡುತ್ತಿದ್ದೇನೆ ಅನ್ನುತ್ತಾರೆ. ಹುಡುಗ ಮೊದಲು ಅವರ ದರ್ಜೆ ಏನು ಅಂತ ಕೇಳಿ ತಿಳಿದುಕೊಳ್ಳುತ್ತಾನೆ. ಆಮೇಲೆ ಟೋಪಿಯ ಅಂಚಿಗೆ ಕೈ ಎತ್ತಿ ಚೆಸ್ತ್ ಕೊಡುತ್ತಾನೆ.